ಮಗ್ಗದ ಕೋಣೆಯ ಹರಕೆ

ನವನಗರ, ಬಾಗಲಕೋಟೆ
14 ಅಕ್ಟೋಬರ್ 2024

ರಾಜೇಶ,

ವಂದನೆ ಆಮೇಲೆ. ಪತ್ರದ ಮೊದಲ ಸಾಲಿಗೆ ಕರ್ತನ ನಾಮದಲ್ಲಿ ವಂದನೆ ಬರೆಯಬೇಕೆಂದು ಅಪ್ಪ ಕಲಿಸಿದ್ದು ನೆನಪಿದೆ. ಆದರೆ ನನಗೀಗ ಬಂದಿರುವ ಸಿಟ್ಟಿಗೆ ಕರ್ತನ ಹೆಸರು ಹಚ್ಚಲು ಮನಸ್ಸಿಲ್ಲ.

ಫೋನಿನಲ್ಲಿ ಮಾತು ಬಿರುಸಾಯಿತೋ ಇಲ್ಲವೋ, "ಪ್ರೈಸ್ ದ ಲಾರ್ಡ್ ಅಕ್ಕಾ" ಎಂದು ಇಟ್ಟುಬಿಡುತ್ತೀ. ಈಗಂತೂ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದೀ. ಇರಲಿ. ಪತ್ರವನ್ನು ಅರ್ಧಕ್ಕೆ ಇಡಲು ಬರುವುದಿಲ್ಲ. ಹರಿದು ಹಾಕಬೇಕಾದರೂ ಒಂದು ಸಲ ಓದಿಯೇ ಹಾಕುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು.

ನನಗೆ ತಿಳಿದದ್ದು ಇಷ್ಟು. ನಿಮ್ಮ ಪ್ರಾರ್ಥನೆ ಕೂಟದಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ ನೀನು ಮಗಳು ಕೃಪಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಎದ್ದು ನಿಂತೆ. ಡೆಂಗಿಯಿಂದ ದೇವರು ಕೂಸನ್ನು ಬದುಕಿಸಿದ, ಅದಕ್ಕೆ ನನ್ನ ಮನೆಯ ಮುಂದಿನ ಕೋಣೆ ಇಂದಿನಿಂದ ಕರ್ತನದು, ಅಲ್ಲಿ ಪ್ರಾರ್ಥನಾ ಮಂದಿರ ಆಗಲಿ ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ಪಾಸ್ಟರ್ ನಿನ್ನನ್ನು ಅಪ್ಪಿಕೊಂಡರು. ಭಾಳ ಚಲೋ.

ಆ ಕೋಣೆಯಲ್ಲಿ ಕುಣಿಮಗ್ಗ ಇದೆಯಪ್ಪಾ. ನೆಲದಲ್ಲಿ ಅಪ್ಪ ತನ್ನ ಕೈಯಾರೆ ತೋಡಿದ ಕುಣಿ ಇದೆ, ಆ ಕುಣಿಯಲ್ಲಿ ಅವ್ವನ ಕಾಲು ಇವೆ. ನೀನು ಹುಟ್ಟುವ ಮೊದಲಿನಿಂದ ಅವಳು ಅಲ್ಲಿ ಕೂತು ಸೀರೆ ನೇಯುತ್ತಿದ್ದಾಳೆ, ಆ ಮಗ್ಗದ ಪಕ್ಕದಲ್ಲೇ ಮಲಗುತ್ತಾಳೆ. ಕೋಣೆ ಕೊಡುವಾಗ ಅವಳು ನಿನಗೆ ಕಾಣಲಿಲ್ಲವೇ? ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂದರೆ ಇದೇ.

ಕೃಪಾ ನಾನು ನರ್ಸಾಗಿರುವ ದವಾಖಾನೆಯಲ್ಲೇ ಇದ್ದಳು. ಅವಳಿಗೆ ಸಲೈನ್ ಹಚ್ಚಿದವಳು ನಾನು. ರಕ್ತದ ರಿಪೋರ್ಟ್ ಬಂದಾಗಲೆಲ್ಲ ನಾನೂ ಪ್ರಾರ್ಥನೆ ಮಾಡಿದೆ. ನಾನೇನು ಯಾರ ಮನೆಯನ್ನೂ ದಾನ ಮಾಡಲಿಲ್ಲ. ಆದರೂ ಕೂಸು ಬದುಕಿತು, ನೋಡು.

ನಾಳೆಯೇ ಪಾಸ್ಟರ ಹತ್ತಿರ ಹೋಗಿ ಮಾತು ವಾಪಸ್ ತಗೋ.

ಸುನಿತಾ

&nbsp;

ಇಳಕಲ್ಲ
21 ಅಕ್ಟೋಬರ್ 2024

ಪ್ರೀತಿಯ ಅಕ್ಕನಿಗೆ ಕರ್ತನಾದ ಯೇಸುವಿನ ಅತಿಶ್ರೇಷ್ಠ ನಾಮದಲ್ಲಿ ನಿನ್ನ ತಮ್ಮ ರಾಜೇಶನ ವಂದನೆಗಳು.

ನಿನ್ನ ಪತ್ರ ಓದಿ ನನಗೆ ಸಿಟ್ಟು ಬರಲಿಲ್ಲ, ದುಃಖವಾಯಿತು. ವಿಶ್ವಾಸಿಗಳ ಮನೆಯಲ್ಲಿ ಬೆಳೆದವಳು ಯಲ್ಲಮ್ಮನ ಗಾದೆ ಎತ್ತುತ್ತೀಯಲ್ಲ.

ನೀನು ವಾರ್ಡಿನ ಒಳಗಿದ್ದೆ, ನಾನು ಹೊರಗೆ ವರಾಂಡದಲ್ಲಿದ್ದೆ. ಕೂಸಿನ ರಕ್ತದ ಕಣ ಮತ್ತೆ ಇಳಿದಿವೆ ಎಂದು ನೀನೇ ಬಂದು ಹೇಳಿ ಒಳಗೆ ಹೋದೆ. ಆಗ ನಾನು ಫರಶಿಯ ಮೇಲೆ ಹಣೆ ಹಚ್ಚಿ, ಕರ್ತನೇ ಇವಳನ್ನು ಬಿಡು, ನನ್ನ ಮನೆಯಲ್ಲಿ ಏನು ದೊಡ್ಡದಿದೆಯೋ ಅದನ್ನು ತಗೋ ಎಂದೆ. ನಮ್ಮ ಮನೆಯಲ್ಲಿ ದೊಡ್ಡದೆಂದರೆ ಆ ಕೋಣೆಯೊಂದೇ. ನಾನು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲಿಗೆ ಪಾಲಿಶ್ ಹೊಡೆಯುವವನು, ನನ್ನ ಹತ್ತಿರ ಬೇರೆ ಏನಿದೆ? ದೇವರಿಗೆ ಹರಕೆ ಹೊತ್ತ ಮೇಲೆ ತೀರಿಸಲು ತಡಮಾಡಬಾರದು ಎಂದು ಬೈಬಲಿನಲ್ಲಿ ವಾಕ್ಯವಿದೆ. ಅದನ್ನು ನಮಗಿಬ್ಬರಿಗೂ ಕಲಿಸಿದವನು ಅಪ್ಪನೇ. ತಪ್ಪಿದರೆ ಮಗ್ಗದ ಲಾಳಿಯಿಂದಲೇ ತಲೆಗೆ ಮೊಟಕುತ್ತಿದ್ದ, ಮರೆತೆಯಾ?

ಅವ್ವನಿಗೆ ಇದು ಒಪ್ಪಿಗೆ ಇದೆ. ನಾನು ವಿಷಯ ಹೇಳಿದಾಗ ಅವಳು ಒಂದು ಮಾತೂ ಎದುರು ಆಡಲಿಲ್ಲ. ತಲೆ ತಗ್ಗಿಸಿ ಕೇಳಿದಳು, ಆಮೇಲೆ ಎದ್ದು ರೊಟ್ಟಿ ಬಡಿಯಲು ಹೋದಳು. ಅವಳ ಕಣ್ಣೂ ಮಂಜಾಗಿವೆ. ಇನ್ನೆಷ್ಟು ದಿನ ದುಡಿಸುವುದು? ಅವಳಿಗೂ ವಿಶ್ರಾಂತಿ ಸಿಗಲಿ ಎಂಬುದೇ ದೇವರ ಚಿತ್ತ.

ಸಮರ್ಪಣೆಯ ಆರಾಧನೆ ಡಿಸೆಂಬರ್ 22, ಭಾನುವಾರ. ನೀನು ಬರಲೇಬೇಕು.

ಒಂದು ಮಾತು. ನಮ್ಮ ಮನೆಯ ಸುದ್ದಿಯನ್ನು ನಿನಗೆ ಮುಟ್ಟಿಸುವವರು ಯಾರು? ದಸ್ತಗೀರಬಿಯೇ ಇರಬೇಕು. ದಿನಾ ಅವ್ವನ ಹತ್ತಿರ ಕಂಡಿಕೆ ಸುತ್ತಲು ಬಂದು ಕೂರುತ್ತಾಳೆ, ಕೈ ನೂಲಿನ ಮೇಲೆ, ಕಿವಿ ನಮ್ಮ ಮೇಲೆ.

ಕರ್ತನಲ್ಲಿ ನಿನ್ನ ತಮ್ಮ,
ರಾಜೇಶ

&nbsp;

ನವನಗರ
29 ಅಕ್ಟೋಬರ್ 2024

ರಾಜೇಶ,

ವಾಕ್ಯ ಹೇಳುತ್ತೀಯಾ ನನಗೆ? ಸಂಡೇ ಸ್ಕೂಲಿನಲ್ಲಿ ವಾಕ್ಯ ಬಾಯಿಪಾಠ ಮಾಡಿ ಪ್ರತಿ ವರ್ಷ ಸ್ಟೀಲ್ ಡಬ್ಬಿ ಗೆದ್ದವಳು ನಾನು. ನಿನಗೆ ಸಿಕ್ಕಿದ್ದು ಒಂದೇ ಸಲ, ಅದೂ ಸಮಾಧಾನಕರ ಬಹುಮಾನ.

ಹರಕೆ ತೀರಿಸುವುದೇ ದೊಡ್ಡದಾದರೆ ಯೆಪ್ತಾಹನ ಕಥೆ ಓದು. ಯುದ್ಧ ಗೆದ್ದು ಬಂದರೆ ಮನೆಯ ಬಾಗಿಲಿನಿಂದ ಮೊದಲು ಯಾರು ಎದುರಿಗೆ ಬರುತ್ತಾರೋ ಅವರನ್ನು ಕೊಡುತ್ತೇನೆ ಎಂದ. ಬಂದವಳು ಮಗಳು. ಅವನೂ ಹರಕೆ ತೀರಿಸಿದ. ನಿನ್ನ ಬಾಗಿಲಿನಿಂದ ಅವ್ವ ಬಂದಿದ್ದಾಳೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಇದೆ. ಅದನ್ನು ನಿಮ್ಮ ಪಾಸ್ಟರ್ ಯಾವ ಭಾನುವಾರವೂ ಓದಿರಲಿಕ್ಕಿಲ್ಲ. ಕೊರ್ಬಾನ್. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಇದು ದೇವರಿಗೆ ಮುಡಿಪು ಎಂದುಬಿಟ್ಟರೆ, ಆಮೇಲೆ ಅವರಿಗೆ ಏನೂ ಮಾಡಬೇಕಾಗಿಲ್ಲ ಎಂದು ಆಗಿನ ಶಾಸ್ತ್ರಿಗಳು ಹೇಳಿಕೊಡುತ್ತಿದ್ದರು. ಯೇಸು ಅವರಿಗೆ ಮುಖದ ಮೇಲೆ ಹೊಡೆದಂತೆ ಹೇಳಿದ, ನಿಮ್ಮ ಸಂಪ್ರದಾಯಕ್ಕೋಸ್ಕರ ದೇವರ ಮಾತನ್ನೇ ಹಾಳು ಮಾಡಿದಿರಿ ಎಂದು. ಶಿಲುಬೆಯ ಮೇಲೆ ನೇತಾಡುವಾಗಲೂ ಅವನು ತನ್ನ ತಾಯಿಯನ್ನು ಯೋಹಾನನ ಕೈಗೆ ಒಪ್ಪಿಸಿ ಸತ್ತ. ನೀನು ಡೆಂಗಿ ವಾಸಿಯಾದ ಖುಷಿಯಲ್ಲಿ ತಾಯಿಯನ್ನು ಅಡುಗೆಮನೆಗೆ ದಬ್ಬಿದೆ.

ಅವ್ವ ಎದುರು ಆಡಲಿಲ್ಲವಂತೆ! ಅವಳು ಯಾವಾಗ ಯಾರಿಗೆ ಎದುರು ಆಡಿದ್ದಾಳೆ? ದೀಕ್ಷಾಸ್ನಾನದ ದಿನ ಯಮನವ್ವ ಎಂಬ ಹೆಸರು ತೆಗೆದು ಮರಿಯವ್ವ ಎಂದು ಇಟ್ಟರು, ಆಗಲೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇವತ್ತಿಗೂ ಮರಿಯವ್ವ ಎಂದು ಕರೆದರೆ ತಿರುಗಿ ನೋಡುವುದಿಲ್ಲ. ಅದು ಒಪ್ಪಿಗೆಯೇ?

ಮನೆ ನಿನ್ನ ಹೆಸರಿನಲ್ಲಿದೆ, ಖರೆ. ಕುಣಿ ಯಾರದು?

ದಸ್ತಗೀರಬಿಯ ಹೆಸರು ಎತ್ತಬೇಡ. ಅವಳಲ್ಲ.

ಸುನಿತಾ

&nbsp;

ಇಳಕಲ್ಲ
9 ನವೆಂಬರ್ 2024

ಅಕ್ಕ,

ವಂದನೆ.

ನೀನು ಶಾಸ್ತ್ರಿಗಳ ಹಾಗೆ ವಾದ ಮಾಡುತ್ತೀ. ಸೈತಾನನೂ ವಾಕ್ಯ ಹೇಳಿಯೇ ಯೇಸುವನ್ನು ಪರೀಕ್ಷಿಸಿದ್ದು. ತಂದೆತಾಯಿಯನ್ನು ನನಗಿಂತ ಹೆಚ್ಚು ಪ್ರೀತಿಸುವವನು ನನಗೆ ತಕ್ಕವನಲ್ಲ ಎಂದದ್ದೂ ಅದೇ ಯೇಸು. ಅದು ನಿನ್ನ ಸ್ಟೀಲ್ ಡಬ್ಬಿಯಲ್ಲಿ ಇರಲಿಲ್ಲವೇ?

ಆ ಬಡ ವಿಧವೆ ದೇವಾಲಯದಲ್ಲಿ ಎರಡು ಕಾಸು ಹಾಕಿದಳು, ತನ್ನ ಜೀವನವನ್ನೇ ಹಾಕಿದಳು. ಯೇಸು ಅವಳನ್ನು ತಡೆದನೇ? ಹೊಗಳಿದ. ಅವ್ವನ ಹೆಸರೂ ಹಾಗೆ ಉಳಿಯುತ್ತದೆ. ಪಾಸ್ಟರ್ ಗೋಡೆಗೆ ಅವಳ ಹೆಸರಿನ ಕಲ್ಲು ಹಾಕಿಸೋಣ ಎಂದಿದ್ದಾರೆ. ಕಲ್ಲಿಗೆ ನಾನೇ ಪಾಲಿಶ್ ಹೊಡೆಯುತ್ತಿದ್ದೇನೆ.

ಮಂದಿಯ ಮುಂದೆ ಆಡಿದ ಮಾತು ಅಕ್ಕ. ವಾಪಸ್ ತಗೊಂಡರೆ ನಾಳೆ ಕೃಪಾಗೆ ಮತ್ತೆ ಏನಾದರೂ ಆದರೆ? ನೀನು ಜವಾಬ್ದಾರಿ ತಗೋತೀಯಾ? ಇದನ್ನು ನಾನು ಯಾರ ಮುಂದೆಯೂ ಹೇಳಿಲ್ಲ.

ಅಷ್ಟು ಕರುಳು ಮಿಡಿಯುತ್ತಿದ್ದರೆ ಅವ್ವನನ್ನು ನೀನೇ ಕರೆದುಕೊಂಡು ಹೋಗು. ಬಾಗಲಕೋಟೆಯಿಂದ ಇಳಕಲ್ಲಿಗೆ ಎರಡು ತಾಸಿನ ದಾರಿ. ಹುನಗುಂದದಲ್ಲಿ ಚಹಾ ಕುಡಿದರೂ ಊಟದ ಹೊತ್ತಿಗೆ ಬರಬಹುದು. ಕೃಪಾ ಮನೆಗೆ ಬಂದ ಮೇಲೆ ಒಂದು ಸಲವೂ ನೀನು ಬಂದಿಲ್ಲ. ಪತ್ರ ಮಾತ್ರ ಬರುತ್ತವೆ.

ದಸ್ತಗೀರಬಿಗೆ ಇನ್ನು ಬರಬೇಡ ಎಂದು ಹೇಳಿದ್ದೇನೆ. ಅವಳಲ್ಲದಿದ್ದರೆ ಯಾರೆಂದು ನೀನು ಹೇಳಬೇಕಿತ್ತು.

ರಾಜೇಶ

&nbsp;

ನವನಗರ
16 ನವೆಂಬರ್ 2024

ರಾಜೇಶ,

ಆ ವಿಧವೆಯ ಕಾಸನ್ನು ಅವಳೇ ಹಾಕಿದಳು. ಅವಳ ಮಗ ಅವಳ ಸೆರಗಿನ ಗಂಟು ಬಿಚ್ಚಿ ಹಾಕಲಿಲ್ಲ. ನಿನಗೆ ಇಷ್ಟೂ ತಿಳಿಯದಿದ್ದರೆ ನಿನ್ನ ವಾಕ್ಯಕ್ಕಿಷ್ಟು ಬೆಂಕಿ ಹಾಕ.

ಕಲ್ಲಿಗೆ ಪಾಲಿಶ್ ಹೊಡೆಯುತ್ತಿದ್ದೀಯಾ? ಹೊಡಿ. ಕಲ್ಲಿನ ಮೇಲೆ ಯಾವ ಹೆಸರು ಕೆತ್ತುತ್ತೀ, ಯಮನವ್ವನೋ ಮರಿಯವ್ವನೋ? ಜೀವ ಇದ್ದವಳಿಗೆ ಕಲ್ಲು ಹಾಕಿಸುವ ಮಗನನ್ನು ನಾನು ಇವತ್ತೇ ಕಂಡೆ.

ಕೃಪಾಗೆ ಏನಾದರೂ ಆದರೆ ಎಂದು ಬರೆದಿದ್ದೀ. ಆ ಸಾಲು ಓದಿ ನನ್ನ ಸಿಟ್ಟು ಒಂದು ಗಳಿಗೆ ಇಳಿಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಇಮ್ಮಡಿಯಾಯಿತು. ಕೊಟ್ಟ ಕೋಣೆ ವಾಪಸ್ ತಗೊಂಡರೆ ಕೂಸಿಗೆ ಜ್ವರ ಬರಿಸುವ ದೇವರನ್ನು ನಿನಗೆ ಯಾರು ಕಲಿಸಿದರು? ಅಪ್ಪ ಕಲಿಸಲಿಲ್ಲ. ಅಂಥ ದೇವರ ಅಂಜಿಕೆಯಿಂದ ಬಿಡಿಸಿಕೊಳ್ಳಲಿಕ್ಕೇ ಅವ್ವ, ಅಪ್ಪ ದೀಕ್ಷಾಸ್ನಾನ ತಗೊಂಡದ್ದು. ನೀನು ಅದೇ ಅಂಜಿಕೆಗೆ ಹೊಸ ಹೆಸರಿಟ್ಟು ಮನೆಯೊಳಗೆ ತಂದೆ.

ಕರೆದುಕೊಂಡು ಹೋಗು ಎನ್ನುತ್ತೀ. ನಾನಿರುವುದು ಮೂರನೇ ಮಹಡಿಯಲ್ಲಿ. ಇಲ್ಲಿ ಕುಣಿ ತೋಡಿದರೆ ಕೆಳಗಿನವರ ಅಡುಗೆಮನೆಯಲ್ಲಿ ಅವ್ವನ ಕಾಲು ಇಳಿಯುತ್ತವೆ. ಮಗ್ಗ ಬಿಟ್ಟು ಅವಳೊಬ್ಬಳನ್ನೇ ತಂದು ಟಿವಿ ಮುಂದೆ ಕೂರಿಸಲೇ? ಡ್ಯೂಟಿ ಪಾಳಿಯ ಮೇಲಿದೆ, ರಜೆ ಸಿಗುತ್ತಿಲ್ಲ. ಅದಕ್ಕೆ ಬಂದಿಲ್ಲ.

ದಸ್ತಗೀರಬಿಯನ್ನು ಹೊರಗೆ ಹಾಕಿದ್ದು ಅನ್ಯಾಯ. ನನಗೆ ಹೇಳಿದವರು ಅವಳಲ್ಲ ಎಂದು ಒಮ್ಮೆ ಬರೆದಿದ್ದೆ. ಯಾರು ಎಂದು ಹೇಳುವುದಿಲ್ಲ. ಹೇಳಿದರೆ ನೀನು ಅವರ ಮೇಲೂ ವಾಕ್ಯ ಎಸೆಯುತ್ತೀ.

ಸುನಿತಾ

&nbsp;

ಇಳಕಲ್ಲ
5 ಡಿಸೆಂಬರ್ 2024

ಅಕ್ಕ,

ಇದರ ಜೊತೆಗೆ ಸಮರ್ಪಣೆಯ ಆಮಂತ್ರಣ ಇಟ್ಟಿದ್ದೇನೆ.

ಮಗ್ಗ ಬಿಚ್ಚಿ ಮಾಳಿಗೆಯ ಮೇಲೆ ಹಾಕಿಸಿದೆ. ಕುಣಿಗೆ ಮೊರಂ ಮಣ್ಣು ತುಂಬಿಸಿ, ಬಡಿಸಿ ದಮ್ಮಸ್ಸು ಮಾಡಿಸಿದೆ. ಸದ್ಯಕ್ಕೆ ಮೇಲೆ ಜಮಖಾನೆ ಹಾಸಿದ್ದೇವೆ, ಫರಶಿ ಕಲ್ಲು ಕ್ರಿಸ್ಮಸ್ ಹಬ್ಬದ ನಂತರ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಅವ್ವ ಅದನ್ನು ತಾನೇ ಕತ್ತರಿಸಿ, ಮಡಚಿ, ಟ್ರಂಕಿನಲ್ಲಿ ಇಟ್ಟಳು. ಕೂಲಿಯವರಿಗೆ ಚಹಾ ಕೂಡ ಅವಳೇ ಮಾಡಿಕೊಟ್ಟಳು. ನೀನು ಅಂದುಕೊಂಡ ಹಾಗೆ ಅವಳು ಅಳಲಿಲ್ಲ ಎಂದು ತಿಳಿಸಲು ಬರೆದೆ.

ರಾಜೇಶ

&nbsp;

ನವನಗರ
10 ಡಿಸೆಂಬರ್ 2024

ರಾಜೇಶ,

ನಮ್ಮ ಮನೆಯಲ್ಲಿ ಅರ್ಧ ಸೀರೆ ಕತ್ತರಿಸಿದ್ದು ಈ ಹಿಂದೆ ಒಂದೇ ಸಲ. ಅಪ್ಪ ಸತ್ತ ದಿನ. ನೀನು ಆಗ ಶವಪೆಟ್ಟಿಗೆ ತರಲು ಹೋಗಿದ್ದೆ, ನೋಡಿಲ್ಲ. ನಾನು ನೋಡಿದ್ದೇನೆ. ಅವತ್ತೂ ಅವಳು ಅಳಲಿಲ್ಲ, ಬಂದವರಿಗೆಲ್ಲ ಚಹಾ ಮಾಡಿಕೊಟ್ಟಳು.

ಆಮಂತ್ರಣ ಮುಟ್ಟಿತು. ನಾನು ಬರುವುದಿಲ್ಲ. ನನ್ನ ತಾಯಿಯ ಕಾಲಿನ ಮೇಲೆ ಹಾಸಿದ ಜಮಖಾನೆಯ ಮೇಲೆ ಕೂತು ನಾನು ಹಾಡುವುದಿಲ್ಲ.

ಇನ್ನು ನನಗೆ ಪತ್ರ ಬರೆಯಬೇಡ.

ಸುನಿತಾ

&nbsp;

ಇಳಕಲ್ಲ
23 ಡಿಸೆಂಬರ್ 2024

ಅಕ್ಕ,

ಬರೆಯಬೇಡ ಎಂದಿದ್ದೆ. ಆದರೂ ಬರೆಯುತ್ತಿದ್ದೇನೆ. ಕೈಯಲ್ಲಿ ಗುಳ್ಳೆ ಎದ್ದಿವೆ, ಅಕ್ಷರ ಸೊಟ್ಟ ಆದರೆ ಬೈಯಬೇಡ. ಬೈದರೂ ಅಡ್ಡಿಯಿಲ್ಲ.

ನಿನ್ನೆ ಕೋಣೆ ತುಂಬಿ ಮಂದಿ ಅಂಗಳದವರೆಗೆ ಕೂತಿದ್ದರು. ಹಾಡು, ಸಂದೇಶ ಎಲ್ಲ ಆಯಿತು. ಕಾಣಿಕೆಯ ಚೀಲ ಕೈಯಿಂದ ಕೈಗೆ ಬರುತ್ತಿತ್ತು. ಅವ್ವ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಚೀಲ ಅವಳ ಹತ್ತಿರ ಬಂತು. ಅವಳು ಎದ್ದು ನಿಂತಳು. ಸೆರಗಿನೊಳಗಿಂದ ತನ್ನ ಲಾಳಿ ತೆಗೆದಳು. ಮಗ್ಗದ ಸಾಮಾನೆಲ್ಲ ಮಾಳಿಗೆಗೆ ಹೋದಾಗ ಅದೊಂದನ್ನು ಎಲ್ಲಿ ಇಟ್ಟುಕೊಂಡಿದ್ದಳೋ ನನಗೆ ಗೊತ್ತಿಲ್ಲ. ಅದನ್ನು ಚೀಲದೊಳಗೆ ಹಾಕಿದಳು. ಎಲ್ಲರಿಗೂ ಕೇಳುವ ಹಾಗೆ ಅಂದಳು:

"ನನ್ನ ಮಗ ನಂದೆಲ್ಲಾ ದೇವರಿಗೆ ಕೊಟ್ಟಾನ್ರಿ. ಇದೊಂದು ಮರತಿದ್ದ. ಇದನ್ನೂ ತಗೋರಿ."

ಅಕ್ಕ, ಮಂದಿ ಚಪ್ಪಾಳೆ ಹೊಡೆದರು. ಆಮೆನ್ ಎಂದರು, ಹಲ್ಲೆಲೂಯಾ ಎಂದರು. ಪಾಸ್ಟರ್ ಮೈಕಿನಲ್ಲಿ ಇಂಥ ತಾಯಿಗಾಗಿ ಸ್ತೋತ್ರ ಎಂದರು. ಅವಳು ಸಾಕ್ಷಿ ಹೇಳಿದಳೆಂದು ಎಲ್ಲರೂ ತಿಳಿದರು. ನಾನು ಅವಳ ಮುಖ ನೋಡಿದೆ. ಅಷ್ಟು ಸಿಟ್ಟನ್ನು ನಾನು ನಿನ್ನ ಪತ್ರಗಳಲ್ಲಿಯೂ ಕಂಡಿಲ್ಲ. ನನ್ನ ಬಾಯಿಂದ ಆಮೆನ್ ಬರಲಿಲ್ಲ.

ಮಂದಿ ಹೋದ ಮೇಲೆ ಅವಳ ಹತ್ತಿರ ಹೋಗಿ ಕೂತೆ. ಇಷ್ಟು ಸಂಕಟ ಇದ್ದರೆ ಮೊದಲೇ ಯಾಕೆ ಹೇಳಲಿಲ್ಲ ಎಂದೆ.

"ನೀ ಯಾವಾಗ ಕೇಳಿದಿ?" ಎಂದಳು.

ಕೇಳಿದ್ದೆನಲ್ಲ ಎನ್ನಲು ಹೋದೆ. ಕೇಳಿರಲಿಲ್ಲ ಅಕ್ಕ. ಹೇಳಿದ್ದೆ. ಪ್ರಿಯದರ್ಶಿನಿ ಒಲೆಯ ಮುಂದೆ ನಿಂತಿದ್ದಳು. ನಿನಗೆ ಸುದ್ದಿ ಕೊಟ್ಟವಳು ತಾನು ಎಂದು ಅವಳು ಆಗ ಹೇಳಿದಳು. ಗಂಡನಿಗೆ ಹೇಳಲು ಅಂಜಿಕೆ, ಅದಕ್ಕೆ ಅಕ್ಕಾರಿಗೆ ಹೇಳಿದೆ ಎಂದಳು. ನನ್ನ ಹೆಂಡತಿಗೆ ನನ್ನ ಅಂಜಿಕೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಮನೆಯ ತಲೆ ಎಂದು ಪಾಸ್ಟರ್ ನನ್ನನ್ನು ಎಷ್ಟು ಸಲ ಕರೆದಿದ್ದಾರೆ, ನಾನು ಎಷ್ಟು ಸಲ ಬೀಗಿದ್ದೇನೆ.

ದಸ್ತಗೀರಬಿಯ ಮನೆಗೆ ಹೋದೆ. ಬಾಗಿಲು ತೆರೆದಳು, ನನ್ನನ್ನು ನೋಡಿ ಮತ್ತೆ ಹಾಕಿಕೊಂಡಳು. ನಾಳೆ ಮತ್ತೆ ಹೋಗುತ್ತೇನೆ.

ನಿನ್ನೆ ಸಂಜೆಯೇ ಜಮಖಾನೆ ಸುತ್ತಿಟ್ಟು ಹಾರೆ, ಸಲಿಕೆ ತಂದೆ. ಇವತ್ತು ಕೆಲಸಕ್ಕೂ ಹೋಗದೆ ತೋಡಿದೆ. ದಮ್ಮಸ್ಸು ಗಟ್ಟಿಯಾಗಿ ಮಾಡಿಸಿದ್ದೆ, ಈಗ ನಾನೇ ಅನುಭವಿಸುತ್ತಿದ್ದೇನೆ. ಅವ್ವ ಬಂದು ಮೇಲೆ ನಿಂತಳು. ಕ್ಷಮಿಸಿದೆ ಎನ್ನಲಿಲ್ಲ. ಸಾಕಾಯಿತೇನೋ ಎಂದು ನಾನು ತಲೆ ಎತ್ತಿದೆ. "ಇನ್ನಾ ಆಳ ತಗಿ. ನಿಮ್ಮಪ್ಪ ತೊಡಿಮಟ ತಗದಿದ್ದ" ಎಂದು ಒಳಗೆ ಹೋದಳು.

ಲಾಳಿಯನ್ನು ಪಾಸ್ಟರ ಮನೆಯಿಂದ ವಾಪಸ್ ತಂದೆ. ಹರಕೆ ಮುರಿದವನ ಮನೆ ಉದ್ಧಾರ ಆಗುವುದಿಲ್ಲ ಎಂದರು. ನನ್ನದಲ್ಲದ್ದನ್ನು ಕೊಟ್ಟಿದ್ದೆ, ಅದು ಹರಕೆಯಲ್ಲ, ಕಳವು ಎಂದೆ. ಬರುವ ಭಾನುವಾರ ಇದನ್ನೇ ಮಂದಿಯ ಮುಂದೆ ನಿಂತು ಹೇಳಬೇಕು. ಕೃಪಾಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೇನೆ. ತಣ್ಣಗಿದೆ. ಅಂಜಿಕೆ ಮಾತ್ರ ಇನ್ನೂ ಹೋಗಿಲ್ಲ.

ಕೊನೆಗೆ ಒಂದು. ಅಕ್ಕನನ್ನು ಕರೆಯಲೇ ಎಂದು ಅವ್ವನನ್ನು ಕೇಳಿದೆ. ಈ ಸಲ ಹೇಳಲಿಲ್ಲ, ಕೇಳಿದೆ. ಅವಳು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ, ನನ್ನ ಮೇಲೆ ಸಿಟ್ಟಾಗಬೇಡ.

"ನೀ ಬರದ ಕಾಗದ ಅಂಚಿಗೆ ಹಾಕೂಕಿಂತ ಮೊದ್ಲ, ಆಕಿ ಕಾಗದ ಬಂದ ಮ್ಯಾಲೆ, ಎಲ್ಲಾ ಪ್ರಿಯಾ ನನಗ ಓದಿ ಹೇಳ್ಯಾಳ. ನೀ ಅಂದಿ ದೇವರು ಹಿಂಗ ಹೇಳ್ಯಾನ. ಆಕಿ ಅಂದ್ಳು, ಇಲ್ಲ, ಹಂಗ ಹೇಳ್ಯಾನ. ನಾ ಇಲ್ಲೇ ಒಲಿ ಮುಂದ ಕುಂತಿದ್ನೆಲ್ಲ. ಆಕಿನೂ ಒಂದಿನ ಬಂದು, ಯವ್ವಾ ನಿನಗ ಏನ ಬೇಕ ಅಂತ ಕೇಳ್ಯಾಳೇನು?"

ಬ್ಲಾಕ್ ತೆಗೆದಿದ್ದೇನೆ.

ರಾಜೇಶ

&nbsp;

ನವನಗರ
26 ಡಿಸೆಂಬರ್ 2024

ರಾಜೇಶ,

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ, ಪೆನ್ನು ಓಡಲಿಲ್ಲ. ಏಳೆಪ್ಪತ್ತು ಸಲ ಕ್ಷಮಿಸಬೇಕಂತೆ. ನಾನಿನ್ನೂ ಒಂದನೆಯದರಲ್ಲೇ ತಿಣುಕುತ್ತಿದ್ದೇನೆ. ಗುಳ್ಳೆಗೆ ಮುಲಾಮು ಹಚ್ಚಿಕೋ. ಸೂಜಿಯಿಂದ ಒಡೆಯಬೇಡ, ಕೀವಾಗುತ್ತದೆ.

ಅವ್ವನ ಮಾತು ಓದಿ ಮೊದಲು ಅವಳ ಮೇಲೆಯೇ ಸಿಟ್ಟು ಬಂತು. ಇಷ್ಟು ತಿಂಗಳು ಅವಳ ಪರವಾಗಿ ಬಡಿದಾಡಿದವಳು ನಾನು, ನನಗೇ ಹೀಗೆ ಅನ್ನುವುದೇ ಎಂದು. ಪತ್ರವನ್ನು ಮಡಚಿ ಕಪಾಟಿನಲ್ಲಿ ಹಾಕಿದೆ. ಡ್ಯೂಟಿಗೆ ಹೋದೆ. ಅಲ್ಲಿ ರೋಗಿಗಳಿಗೆಲ್ಲ ಏನು ಬೇಕ್ರಿ, ಎಲ್ಲಿ ನೋವೈತ್ರಿ ಎಂದು ದಿನವಿಡೀ ಕೇಳಿದೆ.

ರಜೆ ಸಿಗದೆ ಬರಲಿಲ್ಲ ಎಂದು ಬರೆದಿದ್ದೆ. ರಜೆ ಇತ್ತು. ಬಂದರೆ ಅವ್ವ, ನನ್ನ ಕರಕೊಂಡು ಹೋಗು ಎಂದುಬಿಟ್ಟಾಳು ಎಂಬ ಅಂಜಿಕೆ ಇತ್ತು. ಈ ಮನೆಯಲ್ಲಿ ಅದಕ್ಕೆ ನನ್ನ ಗಂಡನ ಒಪ್ಪಿಗೆ ಬೇಕು, ಅದು ಸಿಗುತ್ತದೋ ಇಲ್ಲವೋ ಎಂದು ನಿನಗೆ ಗೊತ್ತಿಲ್ಲದ್ದೇನಲ್ಲ. ಕೇಳದೇ ಇದ್ದರೆ ಉತ್ತರ ಕೊಡುವ ಪ್ರಸಂಗ ಬರುವುದಿಲ್ಲ. ನೀನು ಮಾಡಿದ್ದೂ ಅದನ್ನೇ, ನಾನು ಮಾಡಿದ್ದೂ ಅದನ್ನೇ. ನಿನಗೆ ಚಪ್ಪಾಳೆ ಸಿಕ್ಕಿತು, ನನಗೆ ಅದೂ ಇಲ್ಲ.

ಇವತ್ತು ಮಧ್ಯಾಹ್ನ ನಿನ್ನ ನಂಬರಿಗೆ ಹಚ್ಚಿದೆ. ನೀನು ಕುಣಿಯೊಳಗಿದ್ದೆಯಂತೆ, ಅವ್ವ ಎತ್ತಿದಳು. ಹಿಂದೆ ನಿನ್ನ ಸಲಿಕೆಯ ಸದ್ದು ಕೇಳುತ್ತಿತ್ತು. ಹೇಳಬೇಕೆಂದುಕೊಂಡ ಮಾತು, ವಾಕ್ಯ, ಎಲ್ಲ ಮರೆತುಹೋದವು. ಬಾಯಿಗೆ ಬಂದದ್ದು ಒಂದೇ.

"ಯವ್ವಾ, ನಾ ಬರಲೇನು?"

ಅವಳು ಭಾಳ ಹೊತ್ತು ಸುಮ್ಮನಿದ್ದಳು. ಈ ಸಲ ಆ ಸುಮ್ಮನಿರುವಿಕೆಗೆ ನಾನು ಯಾವ ಅರ್ಥವನ್ನೂ ಹಚ್ಚಲಿಲ್ಲ. ಕಾದೆ.

"ಕೇಳಿದಿಯಲ್ಲ, ಬಾ" ಎಂದಳು.

ಸುನಿತಾ